ಒಂದು ಶನಿವಾರದ ನೌಕರಿ

ಪ್ರತಿ ಜೂನ್‌ನಲ್ಲಿ ಒಂಬತ್ತನೇ ತರಗತಿಗೆ ಹೋದ ಮೊದಲ ವಾರ ಮಕ್ಕಳಿಗೆ ಒಂದೊಂದು ಚೀಟಿ ಕೊಡುತ್ತೇನೆ. ದೊಡ್ಡವರಾದ ಮೇಲೆ ಏನು ಕೆಲಸ ಮಾಡಬೇಕು ಅಂತಿದ್ದೀರಿ, ಬರೆಯಿರಿ. ಹೆಸರು ಹಾಕೋದು ಬೇಡ. ಹೋದ ಸಲ 41 ಚೀಟಿ ಬಂದವು. ಬಿಡಿಸಿ ಮೇಜಿನ ಮೇಲೆ ಗುಂಪು ಮಾಡಿದೆ. ಡಾಕ್ಟರ್, ಪೊಲೀಸ್, ಟೀಚರ್, ಸೈನಿಕ, ಎಂಜಿನಿಯರ್, ಐಎಎಸ್. ಅಷ್ಟೇ. ಆರು ಗುಂಪು, ಎರಡು ಖಾಲಿ ಚೀಟಿ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಮಕ್ಕಳ ಮನೆಗಳು ನನಗೆ ಗೊತ್ತು. ಒಬ್ಬಳ ಅಮ್ಮ ಆಶಾ ಕಾರ್ಯಕರ್ತೆ. ಒಬ್ಬನ ಅಪ್ಪ ಲೈನ್‌ಮನ್. ಇನ್ನೊಬ್ಬನ ಅಪ್ಪ ಬ್ಯಾಡಗಿ ಮಾರ್ಕೆಟ್‌ನಲ್ಲಿ ಹಮಾಲಿ. ಟೇಲರ್ ಇದ್ದಾರೆ, ನೀರುಗಂಟಿ ಇದ್ದಾರೆ, ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರಿದ್ದಾರೆ. ಆ ಕೆಲಸಗಳಲ್ಲಿ ಒಂದೂ ಚೀಟಿಯಲ್ಲಿ ಬರಲಿಲ್ಲ. ಕಣ್ಣೆದುರಿಗೆ ಇರೋದು ಕೆಲಸ ಅಂತಲೇ ಮಕ್ಕಳಿಗೆ ಅನಿಸಿಲ್ಲ. ಅನಿಸಿದ್ದರಲ್ಲಿ ಟೀಚರ್ ಕೆಲಸ ಬಿಟ್ಟರೆ ಬೇರೆ ಯಾವುದನ್ನೂ ಇವರು ಹತ್ತಿರದಿಂದ ನೋಡಿಲ್ಲ.

ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಒಇಸಿಡಿ ಅನ್ನೋ ಹಲವು ದೇಶಗಳ ಒಕ್ಕೂಟ 2020ರಲ್ಲಿ ಒಂದು ವರದಿ ತಂದಿತು. 41 ದೇಶಗಳ 15 ವರ್ಷದ ಮಕ್ಕಳನ್ನು ಇದೇ ಪ್ರಶ್ನೆ ಕೇಳಿದ್ದರು. ಹುಡುಗರಲ್ಲಿ 47%, ಹುಡುಗಿಯರಲ್ಲಿ 53% ಮಕ್ಕಳು ಹೇಳಿದ್ದು ಬರೀ ಹತ್ತು ಕೆಲಸಗಳ ಹೆಸರನ್ನು. ಅದರಲ್ಲಿ ಭಾರತ ಇರಲಿಲ್ಲ. ಇದ್ದಿದ್ದರೂ ಲೆಕ್ಕ ತೀರಾ ಬೇರೆ ಆಗ್ತಿತ್ತು ಅಂತ ನನಗೆ ಅನಿಸಲ್ಲ.

ಆ ಚೀಟಿಗಳನ್ನು ಮೊದಲ ಸಲ ಎಣಿಸಿದ ವರ್ಷವೇ ಏನಾದರೂ ಮಾಡಬೇಕು ಅಂತ ಹೊರಟೆ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ. ಆವತ್ತು ‘ವೃತ್ತಿ ದಿನ’ ಅಂತ ಮಾಡಿದೆ. ಮಕ್ಕಳು ಬಿಳಿ ಕೋಟು ಹಾಕಿಕೊಂಡು ಬಂದರು, ಖಾಕಿ ಹಾಕಿಕೊಂಡು ಬಂದರು. ಒಬ್ಬಳು ಅಮ್ಮನ ಕಪ್ಪು ಶಾಲು ಹೊದ್ದು ವಕೀಲೆ ಆಗಿದ್ದಳು. ಫೋಟೊ ತೆಗೆದೆವು, ವಾಟ್ಸ್ಯಾಪ್ ಗುಂಪಿಗೆ ಹಾಕಿದೆವು, ಪಾಲಕರು ಖುಷಿಪಟ್ಟರು. ಮಧ್ಯಾಹ್ನ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕೂತು ಯೋಚಿಸಿದೆ. ಇವತ್ತು ನಾವು ಮಾಡಿದ್ದು ಛದ್ಮವೇಷ ಸ್ಪರ್ಧೆ. ಮೂರನೇ ಕ್ಲಾಸಿನಲ್ಲಿ ಒನಕೆ ಓಬವ್ವ ಆಗಿ ನಿಂತ ಹಾಗೆಯೇ ಇವತ್ತು ಡಾಕ್ಟರ್ ಆಗಿ ನಿಂತರು. ಕೋಟು ಬಿಚ್ಚಿದ ಮೇಲೆ ಅವರಿಗೆ ಉಳಿದದ್ದು ಏನೂ ಇಲ್ಲ.

ಬೇರೆ ಕಡೆ ಇದನ್ನು ಹೇಗೆ ಮಾಡ್ತಾರೆ ಅಂತ ಓದಿದೆ. ಮೆಕ್ಸಿಕೊ ಸಿಟಿಯಲ್ಲಿ 1999ರಲ್ಲಿ ಶುರುವಾಗಿ 2013ರಲ್ಲಿ ಮುಂಬೈಗೂ ಬಂದ ಕಿಡ್‌ಜಾನಿಯಾ ಇದೆ. ಅಲ್ಲಿ ಚಿಕ್ಕ ಮಕ್ಕಳಿಗಾಗಿಯೇ ಒಂದು ಪುಟ್ಟ ಪಟ್ಟಣ ಕಟ್ಟಿದ್ದಾರೆ. ಮಕ್ಕಳು ಬೆಂಕಿ ಆರಿಸುತ್ತಾರೆ, ಪಿಜ್ಜಾ ಮಾಡುತ್ತಾರೆ, ಅಲ್ಲಿನದೇ ದುಡ್ಡಿನಲ್ಲಿ ಸಂಬಳ ತಗೊಳ್ಳುತ್ತಾರೆ. ಫಿನ್‌ಲ್ಯಾಂಡ್‌ನಲ್ಲಿ ‘ಮೀ ಆ್ಯಂಡ್ ಮೈ ಸಿಟಿ’ ಅಂತ ಇದೆ. ಆರನೇ ತರಗತಿಯ ಮಕ್ಕಳು ಮೊದಲು ಶಾಲೆಯಲ್ಲಿ ಪಾಠ ಕಲಿತು, ಕೆಲಸಕ್ಕೆ ಅರ್ಜಿ ಬರೆದು, ಸಂದರ್ಶನ ಮುಗಿಸಿ, ಆಮೇಲೆ ಒಂದು ದಿನ ಇದಕ್ಕೆಂದೇ ಮಾಡಿದ ಒಂದು ಪುಟ್ಟ ಊರಿಗೆ ಹೋಗಿ ಕೆಲಸ ಮಾಡುತ್ತಾರೆ. ನನಗೆ ಹಿಡಿಸಿದ್ದು ಆ ಅರ್ಜಿ, ಆ ತಯಾರಿ. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರರಿಂದ ಎಂಟನೇ ತರಗತಿ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ಕುಂಬಾರ, ತೋಟಗಾರರ ಹತ್ತಿರ ಹೋಗಿ ಕಲಿಯಲಿ ಅಂತ ಬರೆದಿದ್ದಾರೆ.

ಆದರೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಮ್ಮ ಮಕ್ಕಳಿಗೆ ಕೆಲಸ ಅಂದರೆ ಏನು ಅಂತ ಗೊತ್ತಿಲ್ಲ ಅಂತಲ್ಲ. ಬೀಜದ ಹತ್ತಿಯ ಕ್ರಾಸಿಂಗ್, ಅಂದರೆ ಹೂವಿಗೆ ಕೈಯಿಂದ ಪರಾಗ ಮುಟ್ಟಿಸೋ ಕೆಲಸ, ಶುರುವಾದದ್ದು ನನಗೆ ಹಾಜರಿ ಪುಸ್ತಕದಲ್ಲೇ ಗೊತ್ತಾಗುತ್ತದೆ. ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡು ಕೆಂಪು ಕಣ್ಣಲ್ಲೇ ಕ್ಲಾಸಿಗೆ ಬಂದವರಿದ್ದಾರೆ. ಶಾಲೆ ಬಿಟ್ಟ ಮೇಲೆ ಮನೆಯವರಿಗೆ ನೆರವಾಗೋದು ಬೇರೆ. ಅದು ಮತ್ತು ನಟನೆಯಂಥ ಒಂದೆರಡು ವಿನಾಯಿತಿ ಬಿಟ್ಟರೆ 14 ವರ್ಷದೊಳಗಿನವರನ್ನು ದುಡಿಸಿಕೊಳ್ಳೋದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಪೂರ್ತಿ ನಿಷೇಧ. ಅಪಾಯದ ಕೆಲಸ 18 ತುಂಬುವವರೆಗೂ ಇಲ್ಲ. ಹೀಗಿರುವಾಗ ಮಕ್ಕಳನ್ನು ಗ್ಯಾರೇಜಿಗೋ ವರ್ಕ್‌ಶಾಪಿಗೋ ‘ಕಲಿಯಲಿ’ ಅಂತ ಕಳಿಸೋಕೆ ನನಗೆ ಧೈರ್ಯ ಬರಲಿಲ್ಲ. ಕಲಿಯೋಕೆ ಹೋದವರು ಯಾವಾಗ ದುಡಿಯುವವರಾಗಿಬಿಡುತ್ತಾರೋ ಹೇಳೋಕಾಗಲ್ಲ. ಇವರು ಬೇಕಾದಷ್ಟು ದುಡಿದಿದ್ದಾರೆ. ತಮಗೆ ಬೇಕಾದ ಕೆಲಸ ಯಾವುದು ಅಂತ ಆರಿಸಿ ನೋಡೋಕೆ ಮಾತ್ರ ಯಾರೂ ಬಿಟ್ಟಿಲ್ಲ.

ಹಾಗಾಗಿ ಕೆಲಸವನ್ನೇ ಶಾಲೆಗೆ ತರೋಣ ಅಂದುಕೊಂಡೆ. ಈ ಸಲ ವೇಷ ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಬೆಳಗಿನ ಶಾಲೆಯಲ್ಲಿ ಎರಡು ಗಂಟೆ ಒಂದೇ ಕೆಲಸ, ನಡುವೆ ಬದಲಾಯಿಸೋ ಹಾಗಿಲ್ಲ. ಕೆಲಸದ ಬೇಜಾರಿನ ಭಾಗವನ್ನು ಕತ್ತರಿಸೋ ಹಾಗಿಲ್ಲ. ಪ್ರತಿ ಕೆಲಸದಲ್ಲೂ ನಾನು ಮೊದಲೇ ಒಂದು ತೊಡಕು ಬಚ್ಚಿಟ್ಟಿರುತ್ತೇನೆ, ಅದನ್ನು ಹೇಳುವುದಿಲ್ಲ. ಮುಗಿದ ಮೇಲೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ಎರಡು ಪ್ರಶ್ನೆಗೆ ಉತ್ತರ ಬರೆಯಬೇಕು. ಯಾವಾಗ ಗಡಿಯಾರ ನೋಡಿದೆ? ನಾಳೆಯೂ ಇದೇ ಕೆಲಸ ಅಂದರೆ ಬರುತ್ತೀಯಾ?

ಮೊದಲು ಮಾಡಿದ್ದು ಬ್ಯಾಂಕು. ನಮ್ಮ ಊರಿನಲ್ಲೇ ಇರುವ ನಿವೃತ್ತ ಕ್ಯಾಶಿಯರ್ ಒಬ್ಬರನ್ನು ಕೇಳಿದೆ. ಹಿರಿಯರು, ಸಂತೋಷದಿಂದ ಬಂದರು. ಮಕ್ಕಳು ಕಾಗದ ಕತ್ತರಿಸಿ ನೋಟು ಮಾಡಿದ್ದರು. ಚಲನ್, ವಿತ್‌ಡ್ರಾವಲ್ ಸ್ಲಿಪ್, ರಿಜಿಸ್ಟರ್ ಎಲ್ಲ ಅವರೇ ಗೆರೆ ಹೊಡೆಸಿ ತಯಾರು ಮಾಡಿಸಿದರು. ಕೂತ ತಕ್ಷಣ ಅವರು ಹೇಳಿದ ಮೊದಲ ಮಾತು, “ಎಲ್ಲರೂ ನಿಮ್ಮ ರಬ್ಬರ್ ತಗೊಂಡು ಟೀಚರ್ ಕೈಗೆ ಕೊಡಿ. ಲೆಡ್ಜರ್‌ನಲ್ಲಿ ಅಳಿಸೋದು ಅಂತ ಇಲ್ಲ. ತಪ್ಪಾದರೆ ಅದರ ಮೇಲೆ ಒಂದು ಗೆರೆ. ಪಕ್ಕದಲ್ಲಿ ಸರಿಯಾದದ್ದು. ಅದರ ಪಕ್ಕ ನಿಮ್ಮ ಸಹಿ.” ಮಕ್ಕಳು ಬೆಪ್ಪಾಗಿ ನೋಡಿದರು. ತಪ್ಪು ಎಲ್ಲರಿಗೂ ಕಾಣೋ ಹಾಗೆ ಬಿಡೋದು ಅವರಿಗೆ ಹೊಸದು.

ಎರಡು ಗಂಟೆ ದುಡ್ಡು ಕಟ್ಟಿಸಿಕೊಂಡರು, ಕೊಟ್ಟರು. ಕೊನೆಗೆ ಲೆಕ್ಕ ಮುಚ್ಚುವಾಗ ರಿಜಿಸ್ಟರ್‌ಗಿಂತ ಪೆಟ್ಟಿಗೆಯಲ್ಲಿ 90 ರೂಪಾಯಿ ಕಮ್ಮಿ. ನಾನು ಬಚ್ಚಿಟ್ಟ ತೊಡಕು ಬೇರೆಯೇ ಇತ್ತು, ಒಂದು ಸ್ಲಿಪ್‌ನಲ್ಲಿ ಸಹಿ ತಾಳೆ ಆಗದ ಹಾಗೆ ಮಾಡಿದ್ದೆ. ಇದು ತಾನಾಗಿ ಆದ ತಪ್ಪು. ಅರ್ಧ ಮಕ್ಕಳು “ಹೋಗ್ಲಿ ಬಿಡಿ ಸರ್, ಕಾಗದದ ದುಡ್ಡು ಅಲ್ವಾ” ಅಂದರು. ಕ್ಯಾಶಿಯರ್ ಬಿಡಲಿಲ್ಲ. “ತೊಂಬತ್ತು ಒಂಬತ್ತರಿಂದ ಭಾಗ ಹೋಗುತ್ತಾ?” ಅಂತ ಕೇಳಿದರು. ಹೋಗುತ್ತದೆ. “ಹಾಗಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು. ಹುಡುಕಿ.” ಒಬ್ಬ ಹುಡುಗ ಎಲ್ಲ ಚಲನ್ ನೆಲದ ಮೇಲೆ ಹರಡಿಕೊಂಡು ಕೂತ. ಹದಿನೈದು ನಿಮಿಷ ತಲೆ ಎತ್ತಲಿಲ್ಲ. ಸಿಕ್ಕಿತು. ಚಲನ್‌ನಲ್ಲಿ 450, ರಿಜಿಸ್ಟರ್‌ನಲ್ಲಿ 540.

ಗಣಿತದ ಟೀಚರ್ ಆಗಿ ನನಗೆ ಆ ಕ್ಷಣ ಎಷ್ಟು ಖುಷಿ ಆಯ್ತು ಅಂತ ಹೇಳೋಕಾಗಲ್ಲ. ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಗುಣಕ. ಬೀಜಗಣಿತದಲ್ಲಿ ಇದನ್ನೇ ನಾನು ಎಷ್ಟೋ ವರ್ಷದಿಂದ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಅದರಿಂದ ಕಳೆದುಹೋದ ದುಡ್ಡು ಸಿಗುತ್ತದೆ ಅಂತ ಮಕ್ಕಳಿಗೆ ಒಂದು ದಿನವೂ ತೋರಿಸಿರಲಿಲ್ಲ.

ಆವತ್ತಿನ ನೋಟ್‌ಬುಕ್ ಓದುವಾಗ ಇನ್ನೊಂದು ಗೊತ್ತಾಯಿತು. ಚಲನ್ ಹರಡಿಕೊಂಡು ಕೂತ ಹುಡುಗ ಗಡಿಯಾರ ನೋಡೇ ಇರಲಿಲ್ಲ. ತರಗತಿಗೇ ಮೊದಲು ಬರುವ ಹುಡುಗ ‘ಹನ್ನೊಂದು ಸಲ ನೋಡಿದೆ’ ಅಂತ ಬರೆದಿದ್ದ. ಅವನ ಮನೆಯಲ್ಲಿ ಅವನನ್ನು ಬ್ಯಾಂಕ್ ಪರೀಕ್ಷೆಗೆ ಕೂರಿಸೋದು ಅಂತ ಆಗಲೇ ಮಾತಾಗಿದೆ. ಎರಡನೇ ಪ್ರಶ್ನೆಗೆ ‘ಬರಲ್ಲ ಟೀಚರ್’ ಅಂತ ಬರೆದು, ಕೆಳಗೆ ಚಿಕ್ಕದಾಗಿ ‘ಅಪ್ಪನಿಗೆ ಹೇಳಬೇಡಿ’ ಅಂತ ಸೇರಿಸಿದ್ದ. ನಾನು ಹೇಳಲಿಲ್ಲ. ಒಂದು ಶನಿವಾರದಿಂದ ಇಂಥದ್ದೆಲ್ಲ ತೀರ್ಮಾನ ಆಗಬಾರದು. ಆದರೆ ಅವನಿಗೆ ಇದು ಹದಿನಾಲ್ಕಕ್ಕೇ ಗೊತ್ತಾಯಿತಲ್ಲ, ಅದು ಒಳ್ಳೆಯದೇ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ನಮ್ಮಲ್ಲಿ ಏನಾಗುತ್ತದೆ ಎಲ್ಲರಿಗೂ ಗೊತ್ತು. ಮಾರ್ಕ್ಸ್ ಜಾಸ್ತಿ ಇದ್ದರೆ ಸೈನ್ಸ್, ನಡುವೆ ಇದ್ದರೆ ಕಾಮರ್ಸ್, ಕಮ್ಮಿ ಇದ್ದರೆ ಆರ್ಟ್ಸ್. ಕೆಲಸದ ಮಾತು ಆ ಹೊತ್ತಿನಲ್ಲಿ ಎಲ್ಲೂ ಬರಲ್ಲ.

ಆಸ್ಪತ್ರೆ ಮಾಡಿದ ದಿನ ಡಾಕ್ಟರ್ ಪಾತ್ರವನ್ನೇ ಇಡಲಿಲ್ಲ. ಮಕ್ಕಳಿಗೆ ಸ್ವಲ್ಪ ಬೇಸರ ಆಯ್ತು. ಹೆಸರು ಬರೆಯುವವರು, ನರ್ಸ್, ಲ್ಯಾಬ್, ಔಷಧಿ ಕೌಂಟರ್, ಅಷ್ಟೇ. ನಾಡಿಯನ್ನು ಪೂರ್ತಿ ಅರವತ್ತು ಸೆಕೆಂಡ್ ಎಣಿಸಬೇಕು. ಓಆರ್‌ಎಸ್ ಪೊಟ್ಟಣ ಒಂದು ಲೀಟರ್ ನೀರಿಗೆ ಅಂತ ಓದಿ, ಅಳೆದು, ಕಲಸಿ, ರೋಗಿಗೆ ಅರ್ಥ ಆಗೋ ಹಾಗೆ ಹೇಳಬೇಕು. ಹುಣಸೆ ಬೀಜವೇ ಮಾತ್ರೆ. ದಿನಕ್ಕೆ ಮೂರು, ಐದು ದಿನ, ಹದಿನೈದು ಎಣಿಸಿ ಲಕೋಟೆಗೆ ಹಾಕಬೇಕು. ರೋಗಿಗಳು ಹತ್ತನೇ ತರಗತಿಯವರು. ಸಾಲು ಮುರಿಯೋಕೆ, ಕೂಗಾಡೋಕೆ ಅವರಿಗೆ ಮೊದಲೇ ಹೇಳಿಕೊಟ್ಟಿದ್ದೆ. ನೋಡೋಕೆ ಬಂದಿದ್ದ ನರ್ಸ್ ಒಬ್ಬರು ಕೊನೆಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದರು. “ಎಲ್ಲ ಚೆನ್ನಾಗಿತ್ತು ಟೀಚರ್. ರಾತ್ರಿ ಪಾಳಿ ಮಾತ್ರ ಆಡಿಸಲಿಲ್ಲ ನೀವು” ಅಂದರು. ಸುಮ್ನೆ ನಿಂತೆ. ರಾತ್ರಿ ಎರಡು ಗಂಟೆಯ ವಾರ್ಡು, ವಾಸನೆ, ಹಬ್ಬದ ದಿನವೂ ಡ್ಯೂಟಿ, ಇದನ್ನೆಲ್ಲ ಶಾಲೆಯ ವರಾಂಡದಲ್ಲಿ ತೋರಿಸೋಕೆ ಆಗಲ್ಲ. ಆಮೇಲೆ ಮಕ್ಕಳನ್ನು ಕೂರಿಸಿ ಆ ನರ್ಸ್ ಅವರಿಂದಲೇ ಅರ್ಧ ಗಂಟೆ ಅದನ್ನು ಹೇಳಿಸಿದೆ. ಅವತ್ತಿನಿಂದ ಆ ಅರ್ಧ ಗಂಟೆ ಕಾಯಂ ಆಗಿದೆ. ಆ ಕೆಲಸ ನಿಜವಾಗಿ ಮಾಡುವ ಒಬ್ಬರು ಬಂದು, ನಾವು ಆಡಿಸದೆ ಬಿಟ್ಟದ್ದು ಏನು ಅಂತ ಹೇಳಬೇಕು.

ಇನ್ನು ಮೋಜಣಿ, ಅಂದರೆ ಜಮೀನು ಅಳೆಯೋ ಕೆಲಸ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ನಮ್ಮ ಕಡೆ ಯಾವ ಮನೆಯಲ್ಲಿ ಬದುವಿನ ಜಗಳ ಇಲ್ಲ ಹೇಳಿ? ಪಹಣಿ, ಪೋಡಿ, ಗಡಿಕಲ್ಲು, ಈ ಮಾತು ಕೇಳಿಕೊಂಡೇ ಮಕ್ಕಳು ಬೆಳೆಯುತ್ತಾರೆ. ಆದರೂ ಸರ್ವೇಯರ್ ಆಗ್ತೀನಿ ಅಂತ ಒಂದು ಚೀಟಿ ನನಗೆ ಇವತ್ತಿನವರೆಗೆ ಬಂದಿಲ್ಲ. ಅಳತೆ ಸುಲಭ. 33 ಅಡಿ ಉದ್ದ, 33 ಅಡಿ ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ಗುಂಟೆಯನ್ನು ಹದಿನಾರು ಮಾಡಿದರೆ ಒಂದು ಆಣೆ. 33 ಅಡಿಯ ಎರಡು ಹಗ್ಗ ಇಟ್ಟೆ. ಒಂದು ಹೊಸ ಕಾಥಿ ಹಗ್ಗ. ಇನ್ನೊಂದು ಹಳೇ ನೈಲಾನ್ ಹಗ್ಗ, ಎತ್ತು ಕಟ್ಟಿ ಕಟ್ಟಿ ಹಿಗ್ಗಿದ್ದು. ಅಡಿಯ ಗುರುತನ್ನು ಅದು ಹೊಸದಿದ್ದಾಗಲೇ ಹಾಕಿದ್ದರು. ಅದು ಎಷ್ಟು ಹಿಗ್ಗಿದೆ ಅಂತ ನನಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ.

ಆಟದ ಮೈದಾನದಲ್ಲಿ ನಾಲ್ಕು ಮೂಲೆಗೆ ಗೂಟ ಹೊಡೆದೆ. 132 ಅಡಿ ಉದ್ದ, 99 ಅಡಿ ಅಗಲ. ಇಬ್ಬರು ಹುಡುಗರು ಅಣ್ಣ ತಮ್ಮ. ಅಜ್ಜನ ಹೊಲ, ಜಗಳ. ಎರಡು ಸರ್ವೇ ತಂಡ. ಕಾಥಿ ಹಗ್ಗದವರು 12 ಗುಂಟೆ ಅಂದರು. ನೈಲಾನ್‌ನವರಿಗೆ 130 ಅಡಿ ಉದ್ದ, ತೊಂಬತ್ತೇಳೂವರೆ ಅಡಿ ಅಗಲ ಬಂತು. ಲೆಕ್ಕ ಹಾಕಿ 11 ಗುಂಟೆ 10 ಆಣೆ ಅಂದರು. ವ್ಯತ್ಯಾಸ ಆರು ಆಣೆ. ಅಣ್ಣ ತಮ್ಮನ ಪಾತ್ರಕ್ಕೆ ನಾನು ಏನೂ ಬರೆದು ಕೊಟ್ಟಿರಲಿಲ್ಲ. ಬೇಕಾಗಲೂ ಇಲ್ಲ. “ನೀನು ರಾತ್ರಿ ಬಂದು ಕಲ್ಲು ಸರಿಸಿದ್ದೀ” ಅಂದ ಅಣ್ಣ. “ಅಜ್ಜ ನೆಟ್ಟ ಕಲ್ಲು ಅದು, ಮುಟ್ಟಿ ನೋಡು” ಅಂದ ತಮ್ಮ. ಈ ಮಾತುಗಳನ್ನು ಅವರು ಎಲ್ಲಿ ಕೇಳಿದ್ದರು ಅಂತ ಯೋಚಿಸಿ ನನಗೆ ಒಳಗೇ ಸಂಕಟ ಆಯ್ತು. ಉಳಿದ ಮಕ್ಕಳು ನಗುತ್ತಿದ್ದವರು ನಗು ನಿಲ್ಲಿಸಿದರು.

ನೈಲಾನ್ ತಂಡದಲ್ಲಿ ಒಬ್ಬಳು ಹುಡುಗಿ ಇದ್ದಳು. ಕ್ಲಾಸಿನಲ್ಲಿ ಕೊನೆಯ ಬೆಂಚು, ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿ ನಾನು ಕೇಳಿದ್ದು ಕಮ್ಮಿ. ಅವಳು ಮುಂದೆ ಬಂದು ಹಗ್ಗದ ಒಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟಳು. ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟಳು. “ನೀವೇ ಹಿಡ್ಕೊಳ್ಳಿ. ನಾನು ಬರೀತೀನಿ” ಅಂದಳು. ಹಗ್ಗ ಬಿಗಿಯಾಗಿ ಎಳೆಯಬೇಕಾದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕು. ಪ್ರತಿ ಹಗ್ಗಕ್ಕೂ ಅವಳು ಜೋರಾಗಿ ಎಣಿಕೆ ಕೂಗಿದಳು, ಇಬ್ಬರೂ ಹೂಂ ಅನ್ನುವವರೆಗೆ ಮುಂದಕ್ಕೆ ಹೋಗಲಿಲ್ಲ. ಮತ್ತೆ 11 ಗುಂಟೆ 10 ಆಣೆಯೇ ಬಂತು. ಆದರೆ ಈ ಸಲ ಇಬ್ಬರೂ ಒಪ್ಪಿ ಸಹಿ ಹಾಕಿದರು. ಲೆಕ್ಕ ತಪ್ಪು. ಜಗಳ ಮುಗಿದಿತ್ತು.

ಅವತ್ತು ಬಂದಿದ್ದ ಪರವಾನಗಿ ಭೂಮಾಪಕರು ಇದನ್ನೆಲ್ಲ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದರು. “ನಾವು ಈ ಕೆಲಸಕ್ಕೆ ಬಂದು ಎಷ್ಟೋ ವರ್ಷ ಆದ ಮೇಲೆ ಕಲಿತದ್ದು ಇದು” ಅಂದರು. “ಈಗ ಉಪಗ್ರಹದ ಸಿಗ್ನಲ್ ಹಿಡಿದು ಅಳೆಯೋ ರೋವರ್ ಬಂದಿದೆ, ಡ್ರೋನ್ ಬಂದಿದೆ. ಅಣ್ಣ ತಮ್ಮಂದಿರು ಮಾತ್ರ ಮೊದಲಿನ ಹಾಗೇ ಇದ್ದಾರೆ.” ಮಕ್ಕಳು ಕೇಳಿದ್ದಕ್ಕೆ ದಾರಿಯನ್ನೂ ಹೇಳಿದರು. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐನಲ್ಲಿ ಸರ್ವೇಯರ್ ಅಂತಲೇ ಎರಡು ವರ್ಷದ ಟ್ರೇಡ್ ಇದೆ. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಇದೆ. ಗಣಿತದ ಟೀಚರ್ ಆಗಿ ಇಷ್ಟು ವರ್ಷ ನಾನೇ ಇದನ್ನು ಒಬ್ಬರಿಗೂ ಹೇಳಿರಲಿಲ್ಲ.

ಗಂಟೆ ಹೊಡೆಯಿತು. ಎರಡು ತಂಡದ ಲೆಕ್ಕ ಯಾಕೆ ಬೇರೆ ಬಂತು, ಸೋಮವಾರ ಬಂದು ಹೇಳಿ ಅಂತ ಕಳಿಸಿದೆ. ಆ ಹುಡುಗಿ ನಿಂತಳು. “ಟೀಚರ್, ಈ ಹಗ್ಗ ನಾಳೆ ಒಂದು ದಿನ ಮನೆಗೆ ಒಯ್ಯಲಾ?” ಯಾವ ಹಗ್ಗ ಅಂತ ನಾನು ಗಮನಿಸಲಿಲ್ಲ. ಹೂಂ ಅಂದೆ. ನನ್ನ ತಪ್ಪು ಅದು.

ಸೋಮವಾರ ಪ್ರಾರ್ಥನೆಗೆ ಮುಂಚೆಯೇ ಬಂದಳು. ಕೈಯಲ್ಲಿ ಒಂದು ಹಾಳೆ. ಅವರ ಹೊಲ ಹೆಚ್ಚುಕಮ್ಮಿ ಚೌಕ. ಪಹಣಿಯಲ್ಲಿ 1 ಎಕರೆ 10 ಗುಂಟೆ. ತಂಗಿಯನ್ನು ಕರೆದುಕೊಂಡು ಹೋಗಿ ಅಳೆದಿದ್ದಳು. 1 ಎಕರೆ 8 ಗುಂಟೆ 8 ಆಣೆ ಬಂದಿತ್ತು. “ಒಂದೂವರೆ ಗುಂಟೆ ಚಿಕ್ಕಪ್ಪನ ಕಡೆ ಹೋಗಿದೆ ಅಂತ ಅಪ್ಪ ರಾತ್ರಿ ಅಂದ್ರು ಟೀಚರ್. ಇವತ್ತು ಸಂಜೆ ಕೇಳೋಕೆ ಹೋಗ್ತಾರಂತೆ.”

ನನ್ನ ಎದೆ ಝಲ್ ಅಂದಿತು. ಶಾಲೆಯಲ್ಲಿ ನಾನು ಬಚ್ಚಿಟ್ಟ ಒಂದು ತೊಡಕು ಒಂದು ಮನೆಗೆ ನಡೆದುಕೊಂಡು ಹೋಗಿತ್ತು. ಹಗ್ಗದ ವಿಷಯ ಹೇಳಿಬಿಡಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ, “ಆಟದ ರೂಮಿನ ಸ್ಟೀಲ್ ಟೇಪ್ ಕೊಡ್ತೀರಾ? ಶನಿವಾರದ್ದಕ್ಕೂ ಇದಕ್ಕೂ ಒಂದೇ ಕಾರಣ ಇರಬಹುದು” ಅಂದಳು.

ವರಾಂಡದಲ್ಲಿ ಹಗ್ಗ ಹಾಸಿ ಎಳೆದೆವು. ನಾನು ಒಂದು ತುದಿ, ಅವಳು ಒಂದು ತುದಿ. 33 ಅಡಿ 6 ಇಂಚು.

ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೂವತ್ಮೂರೂವರೆಯನ್ನು ಮೂವತ್ಮೂರೂವರೆಯಿಂದ ಗುಣಿಸಿದಳು. ಅವಳ ಹಗ್ಗದ ಒಂದೊಂದು ಗುಂಟೆ ನಿಜವಾಗಿ 1,122 ಚದರ ಅಡಿ ಚಿಲ್ಲರೆ. ಅದನ್ನು ನಲವತ್ತೆಂಟೂವರೆಯಿಂದ ಗುಣಿಸಿ 1,089ರಿಂದ ಭಾಗಿಸಿದಳು. 49.98 ಗುಂಟೆ. ಪಹಣಿಯ 50ಕ್ಕೆ ಇಪ್ಪತ್ತೊಂದು ಚದರ ಅಡಿ ಮಾತ್ರ ಕಮ್ಮಿ. “ಒಂದು ಮಂಚದಷ್ಟು” ಅಂದಳು.

ಕಂಪಾಸ್ ಬಾಕ್ಸಿನಲ್ಲಿ ರಬ್ಬರ್ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ಹಳೇ ಲೆಕ್ಕದ ಮೇಲೆ ಒಂದು ಗೆರೆ ಎಳೆದಳು. ಪಕ್ಕದಲ್ಲಿ 1 ಎಕರೆ 10 ಗುಂಟೆ ಅಂತ ಬರೆದಳು. ಅದರ ಪಕ್ಕ ಸಹಿ ಹಾಕಿ ತಾರೀಕು ಬರೆದಳು. ಆಮೇಲೆ, “ಮಧ್ಯಾಹ್ನ ಊಟದ ಬೆಲ್ಲಿಗೆ ಮನೆಗೆ ಹೋಗಿ ಬರ್ತೀನಿ ಟೀಚರ್. ಅಪ್ಪ ಸಂಜೆ ಹೋಗೋಕೆ ಮುಂಚೆ ಇದನ್ನ ತೋರಿಸಬೇಕು” ಅಂದಳು.